ಟವೆಲ್ ಕೆಳಗಿನ ಎದೆನೋವು

ನಮ್ಮ ಕಾಕಾ ಜೀವಮಾನದಲ್ಲಿ ಒಂದೇ ಒಂದು ಅಂಕಿಯನ್ನೂ ಖರೇ ಹೇಳಿದವರಲ್ಲ! ಇದು ನಿಂದೆಯಲ್ಲ, ಅವರ ಕಸುಬಿನ ಹಿರಿಮೆ. ಮೋಟೆಬೆನ್ನೂರಿನ ನಮ್ಮ ಕಾಕಾ ದನದ ದಲಾಲಿ. ಎತ್ತು ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು, ಹೆಗಲ ಮೇಲಿನ ಟವೆಲನ್ನು ಕೈಮೇಲೆ ಹರವಿ, ಅದರ ಕೆಳಗೆ ಅವರ ಬೆರಳು ಹಿಡಿದು ದರ ಕುದುರಿಸುವುದು ಅವರ ಕೆಲಸ. ಬಾಯಲ್ಲಿ ಮಳೆ ಬೆಳೆಯ ಮಾತು, ದರವೆಲ್ಲ ಬೆರಳಲ್ಲಿ. ಸುತ್ತ ನಿಂತವರಿಗೆ ಅದು ತಿಳಿದರೆ ದಲಾಲಿಯ ಮರ್ಯಾದೆ ಹೋದಂತೆಯೇ. ಈ ಅಭ್ಯಾಸ ಎಷ್ಟು ಮೈಗೂಡಿತ್ತೆಂದರೆ, ಯಾರಾದರೂ ವಯಸ್ಸು ಕೇಳಿದರೂ ಕಾಕಾ ಕಣ್ಣು ಕಿರಿದು ಮಾಡಿ, “ನೀವ ಹೇಳ್ರಿ, ಎಷ್ಟಕ್ಕ ಹಿಡೀತೀರಿ?” ಎನ್ನುತ್ತಿದ್ದರು.

ಅಂಥವರಿಗೆ ಹೃದಯಾಘಾತವೂ ಟವೆಲ್ ಕೆಳಗೇ ಆಯಿತು! ಹಾವೇರಿ ಸಂತೆಯಲ್ಲಿ ಮೇಡ್ಲೇರಿಯ ರೈತನೊಬ್ಬನ ಜೋಡೆತ್ತಿಗೆ ವ್ಯಾಪಾರ ಕುದುರುತ್ತಿತ್ತು. ನಡುವೆಯೇ ಕಾಕಾನ ಬೆರಳು ಸಡಿಲಾದವು. ರೈತ ಪಾಪ, ದರ ಇಳಿಸಿದರೆಂದು ತಿಳಿದು, “ಛೇ ಛೇ, ಇಷ್ಟಕ್ಕ ಕೊಡಾಂಗಿಲ್ಲ ತಗೀರಿ!” ಎಂದು ಕೈ ಕೊಡವಿದ. ಕಾಕಾ ಎತ್ತಿನ ಕಾಲ ಬುಡದಲ್ಲಿ ಕುಸಿದರು. ಎತ್ತು ತುಳಿಯಲಿಲ್ಲ, ಬಗ್ಗಿ ಮೂಸಿತಂತೆ. ಎತ್ತು ಒಯ್ಯಬೇಕಾಗಿದ್ದ ಟೆಂಪೋದಲ್ಲೇ ಅವರನ್ನು ಆಸ್ಪತ್ರೆಗೆ ಒಯ್ದರು. ಐಸಿಯುದಲ್ಲಿ ಕಣ್ಣು ಬಿಟ್ಟವರೇ ಕೇಳಿದ್ದು ಒಂದೇ ಮಾತು: “ವ್ಯಾಪಾರ ಮುರೀತೇನು?”

ಹುಬ್ಬಳ್ಳಿಯಲ್ಲಿ ಎದೆ ಸೀಳಿ ಬೈಪಾಸ್ ಮಾಡಿದರು. ಅಷ್ಟರಲ್ಲಿ ಹೃದಯದ ಒಂದು ಪಾಲು ಸತ್ತೇ ಹೋಗಿತ್ತು. ಉಳಿದ ಪಾಲಿನಲ್ಲೇ ಕಾಕಾ ಈಗ ದಿನ ದೂಡುತ್ತಿದ್ದಾರೆ. ಅದನ್ನು ಮೆಲ್ಲಗೆ ಪಳಗಿಸಬೇಕು, ಎದೆಯಲ್ಲಿ ಏನೇ ಆದರೂ ಆ ಕ್ಷಣವೇ ಬಾಯಿಬಿಟ್ಟು ಹೇಳಬೇಕು, ಮುಚ್ಚಿಟ್ಟುಕೊಂಡರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಬಾಯಿಬಿಟ್ಟು ಹೇಳಬೇಕು! ಯಾರು? ನಮ್ಮ ಕಾಕಾ! ಕಾಕಾನ ಹೆಂಡತಿ, ನಮ್ಮ ಚಿಗವ್ವ ನನ್ನ ಮುಖ ನೋಡಿದಳು, ನಾನು ಚಿಗವ್ವನ ಮುಖ ನೋಡಿದೆ.

ಆಪರೇಷನ್ ಆದವರಿಗೆ ವ್ಯಾಯಾಮ ಮಾಡಿಸಿ ಮನೆಗೆ ಕಳಿಸುವ ಕೋಣೆಯೊಂದು ಹಾವೇರಿಯ ಆಸ್ಪತ್ರೆಯಲ್ಲಿದೆ. ನನ್ನ ಮನೆ ಅದೇ ಊರಲ್ಲಿರುವುದರಿಂದ ಕಾಕಾನ ಜತೆಗೆ ಹೋಗುವ ಪಾಳಿ ನನ್ನದಾಯಿತು. ಚಿಗವ್ವ ಹೊರಗೆ ಬೆಂಚಿನ ಮೇಲೆ ಕುಳಿತು ದೇವರ ಹೆಸರು ಹೇಳುತ್ತಿದ್ದಳು. ಒಳಗೆ ಕಾಕಾ ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಡೆಯುತ್ತ, “ನಡದಿದ್ದ ನಡದಿದ್ದು, ಊರ ಬರವಲ್ದು! ಇಷ್ಟರಾಗ ಗಾಣಕ್ಕ ಕಟ್ಟಿದ್ರ ಎಣ್ಣಿಯರ ಬರತಿತ್ತು” ಎಂದು ಗೊಣಗುತ್ತಿದ್ದರು. ಸಾಲದ್ದಕ್ಕೆ ಉಳಿದ ರೋಗಿಗಳ ನಡಿಗೆಯನ್ನೂ ಪರೀಕ್ಷಿಸಿ, “ಆ ಕೆಂಪಂಗಿಯಾಂವ ಎಡಗಾಲ ಎಳೀತಾನ. ಮಳಿಗಾಲ ದಾಟೂದ ಕಷ್ಟ” ಎಂದು ನನ್ನ ಕಿವಿಯಲ್ಲಿ ಉಸುರುವರು.

“ಕಾಕಾ, ಅವರು ಎತ್ತಲ್ಲ!”

“ಅದಕ್ಕ ಸುಮ್ನಿದ್ದೇನಿ. ಎತ್ತಾಗಿದ್ರ ಬಾಯಿ ತೆರಿಸಿ ಹಲ್ಲು ನೋಡತಿದ್ದೆ.”

ಅಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ನಡುನಡುವೆ ಎಲ್ಲರನ್ನೂ ಒಂದು ಪ್ರಶ್ನೆ ಕೇಳುತ್ತಾಳೆ: “ಎಷ್ಟು ತ್ರಾಸ ಆಗಾಕತ್ತೈತ್ರಿ? ಆರಾಮಿದ್ರ ಸೊನ್ನಿ, ಜೀವ ಹೋದಂಗಾದ್ರ ಹತ್ತು.” ಕಾಕಾನ ಸರದಿ ಬಂತು. ಹತ್ತು ಜನರ ಮುಂದೆ ಅಂಕಿ ಹೇಳುವುದೇ? ಕಾಕಾ ಟವೆಲ್ ತೆಗೆದು ಕೈಮೇಲೆ ಹರವಿ ಆಕೆಯ ಕಡೆ ಚಾಚಿದರು. ಆ ಹುಡುಗಿ ಗಾಬರಿಯಾಗಿ ನಾಡಿ ಹಿಡಿದಳು! ನಾನು ಎಲ್ಲ ಬಿಡಿಸಿ ಹೇಳಿದ ಮೇಲೆ ನಗುತ್ತ ಟವೆಲ್ ಕೆಳಗೆ ಕೈ ಹಾಕಿದಳು. ಕಾಕಾ ಎರಡು ಬೆರಳು ಒತ್ತಿದರು.

“ಎರಡಕ್ಕ ಹಿಂಗ ಬೆವರ್ತಾರೇನ್ರಿ ಅಜ್ಜಾರ? ಖರೇ ಹೇಳ್ರಿ!”

“ಅದು ನನ್ನ ಮೊದಲನೇ ಮಾತವಾ. ನೀ ಏರಸಬೇಕು!”

ಕೋಣೆಯೆಲ್ಲ ನಕ್ಕಿತು. ಹುಡುಗಿ ಮಾತ್ರ ನಗು ನಿಲ್ಲಿಸಿ, “ಮಷೀನು ನಾಡಿ ಅಷ್ಟ ಹೇಳ್ತೈತ್ರಿ. ಒಳಗಿನ ನೋವು ನೀವ ಹೇಳಬೇಕು” ಎಂದಳು. ಕಾಕಾ ಚೌಕಾಶಿ ಬಿಡಲಿಲ್ಲ. ಆಕೆ ಐದು ಎಂದರೆ ಇವರು ಮೂರು ಎನ್ನುವರು. ಕೊನೆಗೆ ನಾಲ್ಕಕ್ಕೆ ವ್ಯಾಪಾರ ಮುಗಿಯುತ್ತಿತ್ತು. ಖರೇ ಎಷ್ಟಿತ್ತೋ ದೇವರಿಗೇ ಗೊತ್ತು. ನಾನು ಮನೆಗೆ ಬಂದು ಇದನ್ನೆಲ್ಲ ನಗುತ್ತ ಹೇಳುತ್ತಿದ್ದೆ.

ಅಲ್ಲಿ ಕಾಕಾನಿಗೆ ಒಬ್ಬರು ಗೆಳೆಯರು ಸಿಕ್ಕರು. ಬ್ಯಾಡಗಿಯ ಮೆಣಸಿನಕಾಯಿ ಸಾವಕಾರರು. ಎದೆಯ ಹೊಲಿಗೆ ನೋಯದಿರಲೆಂದು ದಿಂಬು ಅವುಚಿಕೊಂಡು ಕೆಮ್ಮುತ್ತಿದ್ದರು. “ಮೆಣಸಿನಕಾಯಿ ಘಾಟಿನ್ಯಾಗ ಹುಟ್ಟಿ ಬೆಳದೇನ್ರಿ, ಒಂದು ಸೀನು ಬಂದಿಲ್ಲ. ಈ ದವಾಖಾನಿ ವಾಸನಿಗೆ ಕೆಮ್ಮಾಕತ್ತೇನಿ ನೋಡ್ರಿ!” ಎನ್ನುವರು. ಇಬ್ಬರೂ ಒಂದೇ ಮೂಲೆಯಲ್ಲಿ ಕುಳಿತು ಟವೆಲ್ ಕೆಳಗೆ ಕೈ ಸೇರಿಸಿದರೆಂದರೆ ಮುಗಿಯಿತು. ಒಬ್ಬರು ಹುಬ್ಬು ಹಾರಿಸುವುದು, ಇನ್ನೊಬ್ಬರು ತಲೆ ಆಡಿಸುವುದು! ಏನದು ಎಂದು ಹುಡುಗಿ ಕೇಳಿದರೆ, “ದೊಡ್ಡವರ ವ್ಯಾಪಾರವಾ, ನಿನಗ ತಿಳಿಯೂದಿಲ್ಲ” ಎಂಬ ಉತ್ತರ. ಶಾಲೆಯ ಹಿಂದಿನ ಬೆಂಚಿನ ಹುಡುಗರು ಕೂಡ ಇಷ್ಟು ಗುಟ್ಟು ಮಾಡಲಿಕ್ಕಿಲ್ಲ.

ಒಂದು ದಿನ ಸಾವಕಾರರ ಕುರ್ಚಿ ಖಾಲಿಯಿತ್ತು. “ಯಾಕ, ಸಾವಕಾರ್ರು ಇನ್ನೂ ಬಂದಿಲ್ಲ?” ಎಂದು ಕಾಕಾ ಕೇಳಿದರು. ಹುಡುಗಿ ಅವರ ಎದೆಗೆ ತಂತಿ ಅಂಟಿಸುತ್ತ, ತಲೆಯೆತ್ತದೆ, “ನಿನ್ನಿ ನಸುಕಿನ್ಯಾಗ ಹೋದ್ರಂತ್ರಿ ಅಜ್ಜಾರ” ಎಂದಳು. ಕಾಕಾ ಅಂದು ಓಡುವ ಪಟ್ಟಿಯ ಮೇಲೆ ಯಾರ ನಡಿಗೆಯನ್ನೂ ಪರೀಕ್ಷಿಸದೆ ನಡೆದರು. ಹುಡುಗಿ ಕೈ ಚಾಚಿದಾಗ ಟವೆಲ್ ಕೂಡ ತೆಗೆಯಲಿಲ್ಲ.

ವಾರ ಕಳೆದ ಮೇಲೆ ಕಾಕಾ, ಚಿಗವ್ವ, ನಾನು ಮೂವರೂ ಬ್ಯಾಡಗಿಗೆ ಸಾವಿನ ಮನೆಯವರನ್ನು ಮಾತಾಡಿಸಲು ಹೋದೆವು. ಸಾವಕಾರರ ಹೆಂಡತಿ ಗೋಡೆಗೆ ಒರಗಿ ಕುಳಿತಿದ್ದರು. ಅತ್ತು ಅತ್ತು ದನಿ ಹೋಗಿತ್ತು. ಕಾಕಾನನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: “ಅಣ್ಣಾರ, ನಿಮ್ಮ ಮುಂದ ಏನರ ಹೇಳಿದ್ರೇನ್ರಿ? ಆರಾಮದೇನಿ, ಆರಾಮದೇನಿ ಅನ್ಕೋತನ ಹೋಗಿಬಿಟ್ರು.”

ಕಾಕಾನ ಕೈ ಹೆಗಲ ಮೇಲಿನ ಟವೆಲಿಗೆ ಹೋಯಿತು. ಸುಳ್ಳು ಹೇಳುತ್ತಾರೆಂದು ನಾನು ಅಂದುಕೊಂಡೆ. ಸುಳ್ಳೇ ಹೇಳಲಿ ಎಂದು ಬೇಡಿಕೊಂಡೆ ಕೂಡ.

“ಹೇಳಿದ್ರವಾ,” ಎಂದರು ಕಾಕಾ. “ಕಡೀ ಸಲ ಬಂದಾಗ ಹತ್ತರಾಗ ಎಂಟು ತ್ರಾಸ ಅಂದ್ರು. ಟವೆಲ್ ಕೆಳಗ ಹೇಳಿದ್ದು ಮೂರನೇದವರಿಗೆ ಹೇಳಬಾರದು ಅಂತ ನಾ ಬಾಯಿ ಬಿಡಲಿಲ್ಲ. ನಾನೂ ಎಂಟ ಅಂದಿದ್ದೆ. ಇಬ್ರೂ ನಕ್ಕಿದ್ವಿ.”

ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆ ತಾಯಿ ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದುಕೊಂಡರೆ ಅದೇನೂ ಆಗಲಿಲ್ಲ. “ನನಗಂತೂ ಹೇಳಲಿಲ್ಲ,” ಎಂದರು ಅವರು. “ನಿಮಗರ ಹೇಳಿದ್ರಲ್ಲ, ಹೋಗ್ಲಿ ಬಿಡ್ರಿ.” ಕಾಕಾ ಕೈ ಮುಗಿದು ಎದ್ದರು. ಮೆಟ್ಟಿಲು ಇಳಿಯುವಾಗ ನಾನು ತೋಳು ಹಿಡಿಯಬೇಕಾಯಿತು.

ಬಸ್ಸಿನಲ್ಲಿ ಚಿಗವ್ವ ಮುಂದೆ ಹೆಂಗಸರ ಸೀಟಿಗೆ ಹೋದಳು, ಕಾಕಾ ಹಿಂದೆ ಕುಳಿತರು, ಅವರ ಹಿಂದೆ ನಾನು. ಮದುವೆಯಾದಂದಿನಿಂದ ಇವರಿಬ್ಬರು ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತದ್ದನ್ನು ನಮ್ಮ ಮನೆತನದಲ್ಲಿ ಯಾರೂ ಕಂಡಿಲ್ಲ. ಊರು ದಾಟುತ್ತಿದ್ದಂತೆ ಕಾಕಾ ಕಂಬಿ ಹಿಡಿದು ಎದ್ದು ನಿಂತು, ಇಡೀ ಬಸ್ಸಿಗೆ ಕೇಳುವಂತೆ ಕೂಗಿದರು:

“ಏ, ಇಲ್ಲಿ ಬಾ. ನನ್ನ ಬಾಜೂ ಕುಂದ್ರ ಬಾ. ಮುಂಜಾನಿಂದ ಎದಿ ಹಿಡಿಯಾಕತ್ತೈತಿ. ನನಗ ಭಾಳ ಅಂಜಿಕಿ ಬಂದೈತಿ.”

ಎಲ್ಲರೂ ಹೊರಳಿ ನೋಡಿದರು. ಚಿಗವ್ವ ಸೀಟಿನಿಂದ ಸೀಟಿಗೆ ಕೈ ಊರುತ್ತ ಬಂದು ಪಕ್ಕದಲ್ಲಿ ಕುಳಿತಳು. ಅವರ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು.

“ನನಗೂ ಐತ್ರಿ ಅಂಜಿಕಿ,” ಎಂದಳು. “ಆಪರೇಷನ್ ಆದಾಗಿಂದ ಐತಿ. ನಿಮಗ ನಿದ್ದಿ ಹತ್ತಿದ ಮ್ಯಾಲ ಮೂಗಿನ ಮುಂದ ಕೈ ಹಿಡದು ನೋಡ್ತೇನಿ.”

“ಮೋಟೆಬೆನ್ನೂರ ಯಾರ್ರಿ, ಲಗೂ ಇಳೀರಿ!” ಎಂದು ಕಂಡಕ್ಟರ್ ಕೂಗಿದ.

“ನಾವು ಇಳಿಯಾಂಗಿಲ್ಲಪಾ, ದವಾಖಾನಿಗೆ ಹೊಂಟೇವಿ,” ಎಂದಳು ಚಿಗವ್ವ. “ನನ್ನ ಟಿಕೆಟ್ ಫ್ರೀ ಐತಿ. ಇವರದೊಂದು ಹಾವೇರಿಗೆ ಕೊಡು.”

ಕಂಡಕ್ಟರ್ ಟಿಕೆಟ್ ಕೊಡಲಿಲ್ಲ. ಮುಂದೆ ಹೋಗಿ ಡ್ರೈವರನ ಕಿವಿಯಲ್ಲಿ ಏನೋ ಹೇಳಿದ. ಬಸ್ಸು ಹೆದ್ದಾರಿಗೆ ಬಿದ್ದ ಮೇಲೆ ಆಸ್ಪತ್ರೆಯ ಬಾಗಿಲವರೆಗೆ ಎಲ್ಲಿಯೂ ನಿಲ್ಲಲಿಲ್ಲ, ಯಾರೂ ನಿಲ್ಲಿಸಿ ಎನ್ನಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ನಾಚಿಕೆಯಿಲ್ಲದೆ ಅಳುತ್ತಿದ್ದೆ. ಮುಂದಿನ ಸೀಟಿನಲ್ಲಿ ಕಾಕಾ ಎಲ್ಲಿ ನೋವು, ಎಂಥ ನೋವು, ಯಾವಾಗಿನಿಂದ ನೋವು ಎಂದು ಹೆಂಡತಿಗೆ ಒಂದೊಂದಾಗಿ ಹೇಳುತ್ತಿದ್ದರು.