ಕಿಲೋಗೆ ಇಟ್ಟ ಕುಂಕುಮ

ಸುಮ್ಮನೆ ಕೂರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಊರಿಗೆ ಹೊರಟ ಬಸ್ಸು ಹೆಬ್ಬಾಳ ದಾಟಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಚಿಂತೆ ಹತ್ತುತ್ತದೆ. ತರಕಾರಿಯವನ ತಕ್ಕಡಿ ಒಂದು ಕೂದಲೆಳೆ ವಾಲಿದರೂ ನನ್ನ ಕೈ ತುರಿಸುತ್ತದೆ. ಇಂಥವನಿಗೆ ದೇವರು ಕೊಟ್ಟ ಕೆಲಸ ನೋಡಿ: ಯಶವಂತಪುರದ ಒಂದು ಸಣ್ಣ ತಕ್ಕಡಿ ಕಾರ್ಖಾನೆಯಲ್ಲಿ ಅಳತೆ ಪರೀಕ್ಷಿಸುವ ಲ್ಯಾಬಿನ ಇನ್‌ಚಾರ್ಜ್!

ಲ್ಯಾಬ್ ಎಂದರೆ ಒಂದು ಏಸಿ ಕೋಣೆ, ಅದರೊಳಗೆ ಒಂದು ಮರದ ಡಬ್ಬಿ, ಡಬ್ಬಿಯೊಳಗೆ ಒಂದು ಕಿಲೋ ತೂಕದ ಉಕ್ಕಿನ ಬಟ್ಟು, ಅಂದರೆ ತೂಕದ ಕಲ್ಲು. ನಾವು ಅದನ್ನು 'ಮಾಸ್ಟರ್' ಎನ್ನುತ್ತೇವೆ. ಕಿಲೋ ಎಂದರೆ ಇಷ್ಟೇ ಎಂದು ದೇಶಕ್ಕೆಲ್ಲ ಹೇಳುವ ರಾಷ್ಟ್ರೀಯ ಅಳತೆ ಸಂಸ್ಥೆ ದೆಹಲಿಯಲ್ಲಿದೆ. ಅಲ್ಲಿಗೆ ಹೋಗಿ ತೂಗಿಸಿಕೊಂಡು, ಸರ್ಟಿಫಿಕೇಟ್ ಹಿಡಿದು ಬಂದದ್ದು ನಮ್ಮ ಮಾಸ್ಟರ್. ನಿಮ್ಮ ಅಂಗಡಿಯವನು ತೂಗಿಕೊಡುವ ತೊಗರಿಬೇಳೆಯ ವಂಶಾವಳಿ ಹುಡುಕುತ್ತ ಹೋದರೂ ಕೊನೆಗೆ ಮುಟ್ಟುವುದು ಅಲ್ಲಿಗೇ. ಇದನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡಿಗೂ ತೂಕವಿದೆ. ಮಡಿಯ ವಿಷಯದಲ್ಲಿ ನಮ್ಮಜ್ಜಿಯೂ ನನ್ನಷ್ಟು ಕಟ್ಟುನಿಟ್ಟಾಗಿರಲಿಲ್ಲ.

ಆಯುಧ ಪೂಜೆಯ ದಿನ ಲೇತಿಗೆ, ಡ್ರಿಲ್ಲಿಗೆ, ಕೊನೆಗೆ ಕಾಫಿ ಮೆಷಿನ್ನಿಗೂ ಕುಂಕುಮ ಬಿತ್ತು. ಕಸ ಗುಡಿಸುವ ಸರೋಜಮ್ಮ ನಾಗಸಂದ್ರದ ಹಳೇ ಊರಿನವರು. ತಟ್ಟೆ ಹಿಡಿದು ಬಂದು, "ಎಲ್ಲಾದಕ್ಕೂ ಇಟ್ಟಾಯ್ತು ಸಾರ್. ನಿಮ್ ಕಿಲೋ ಏನ್ ಪಾಪ ಮಾಡೈತೆ?" ಎಂದರು. "ಡಬ್ಬಿಗೆ ಮಾತ್ರ, ಅದೂ ನಾನೇ ಇಡ್ತೀನಿ" ಎಂದು ತಟ್ಟೆ ಇಸಿದುಕೊಂಡೆ. ಆಮೇಲೆ ಮಾಲೀಕರ ಮನೆಯವರೆಲ್ಲ ಬಂದರು. ಮಾಸ್ಟರನ್ನು ಎತ್ತಿ ತೋರಿಸಿ ಭಾಷಣ ಬಿಗಿದೆ. ಅವರು ಫೋಟೋ ತೆಗೆದುಕೊಂಡರು. ಎಲ್ಲರೂ ಕಡಲೆಪುರಿ ತಿನ್ನಲು ಹೋದಾಗ ಸರೋಜಮ್ಮ ಒಬ್ಬರೇ ಒಳಗೆ ಹೋಗಿ ತಟ್ಟೆ ತಂದರು.

ರಜೆ ಮುಗಿಸಿ ಬಂದು ಡಬ್ಬಿ ತೆಗೆದರೆ ಮಾಸ್ಟರಿನ ಕುತ್ತಿಗೆಯಲ್ಲಿ ಕುಂಕುಮ! ಒರೆಸಿದರೆ ಗೀರು, ಬಿಟ್ಟರೆ ಭಾರ. ಮುಂದಿನ ವಾರವೇ ಲ್ಯಾಬಿನ ಆಡಿಟ್. ಸರೋಜಮ್ಮನದೇ ಕೆಲಸ ಎಂದು ಮ್ಯಾನೇಜರಿಗೆ ಬರೆದುಕೊಟ್ಟೆ. "ಅವರನ್ನ ನಾಳೆಯಿಂದ ಬರ್ಬೇಡಿ ಅಂದ್ಬಿಡೋಣ" ಎಂದರು ಮ್ಯಾನೇಜರ್.

"ದೇವ್ರಾಣೆ ನಾನ್ ಮುಟ್ಟಿಲ್ಲ ಸಾರ್. ಇಂಗೆಲ್ಲಾ ಬರೀಬ್ಯಾಡಿ, ಕೆಲ್ಸ ಓಗ್ತದೆ" ಎಂದು ಸರೋಜಮ್ಮ ಕಣ್ಣೊರೆಸಿಕೊಂಡರು. ನಾನು ನಂಬಲಿಲ್ಲ.

ಸಂಜೆ ಸಂಜಯನಗರದ ಮನೆಯಲ್ಲಿ ಬಾಲ ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದೆ. ಹುಬ್ಬಳ್ಳಿಯವಳಾದ ನನ್ನ ಹೆಂಡತಿ ಮಾಲೀಕರ ಮನೆಯವರು ನನ್ನ ಫೋನಿಗೆ ಕಳಿಸಿದ್ದ ಪೂಜೆಯ ಫೋಟೋ ನೋಡುತ್ತಿದ್ದವಳು, "ಇದೇನ್ರೀ, ನಿಮ್ಮ ಕೈಗವಸಿನ ಬೆರಳು ಇಷ್ಟ್ ಕೆಂಪಗ ಆಗೇದ?" ಎಂದಳು.

ಕಸಿದುಕೊಂಡು ನೋಡಿದೆ. ಬರಿಗೈಯಲ್ಲಿ ಡಬ್ಬಿಯನ್ನೂ ಮುಟ್ಟಬಾರದೆಂದು ಬಿಳಿ ಕೈಗವಸು ಹಾಕಿಕೊಂಡೇ ಕುಂಕುಮ ಇಟ್ಟಿದ್ದೆ. ಅದೇ ಕೈಗವಸಿನಲ್ಲಿ ಮಾಸ್ಟರನ್ನೂ ಎತ್ತಿದ್ದೆ! ನಾಚಿಕೆಯಿಂದ ಸತ್ತೇ ಹೋದೆ. ಮರುದಿನ ಗೇಟು ತೆರೆಯುವ ಮೊದಲೇ ಹೋಗಿ ನಿಂತೆ. ಮ್ಯಾನೇಜರಿಂದ ಪತ್ರ ಇಸಿದುಕೊಂಡು ಹರಿದು, ಸರೋಜಮ್ಮನ ಎದುರು ಕೈ ಮುಗಿದೆ. "ಓಗ್ಲಿ ಬಿಡಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆಡಿಟರ್ ನನ್ನ ತಪ್ಪೊಪ್ಪಿಗೆಯನ್ನು ತಣ್ಣಗೆ ಕೇಳಿ ಎರಡು ಸಾಲು ಬರೆದರು: ಬಟ್ಟು ಮತ್ತೆ ದೆಹಲಿಗೆ ಹೋಗಬೇಕು, ಇನ್‌ಚಾರ್ಜ್‌ಗೆ ಬಟ್ಟು ಹಿಡಿಯುವ ತರಬೇತಿ ಕೊಡಬೇಕು. ನಮ್ಮ ಕಾರ್ಖಾನೆಯಲ್ಲಿ ಆ ತರಬೇತಿ ಕೊಡುವ ಅರ್ಹತೆ ಇರುವವನು ನಾನೊಬ್ಬನೇ. ಹಾಗಾಗಿ ಖಾಲಿ ಕುರ್ಚಿಯ ಮುಂದೆ ನಿಂತು ಅರ್ಧ ಗಂಟೆ ನನಗೆ ನಾನೇ ಪಾಠ ಹೇಳಿದೆ. ಕಲಿಸಿದವರು, ಕಲಿತವರು, ಎರಡೂ ಕಡೆ ಸಹಿ ಹಾಕಿದೆ. ಸಾಕ್ಷಿಯ ಸಹಿಗೆಂದು ಮ್ಯಾನೇಜರ್ ಸರೋಜಮ್ಮನನ್ನು ಮೊದಲಿಂದಲೂ ಪಕ್ಕದಲ್ಲಿ ಕೂರಿಸಿದ್ದರು. ಪೆನ್ನು ಕೊಟ್ಟರೆ ಅವರು ಮುಟ್ಟಲೇ ಇಲ್ಲ.

"ಇನ್ನೊಂದ್ ಸಲ ಯೋಳಿ ಸಾರ್" ಎಂದರು, "ನಿಮಗೆ ಸರ್ಯಾಗ್ ಅರ್ತ ಆದಂಗಿಲ್ಲ."