ಹದ್ದು ಬಿಟ್ಟುಹೋದ ಬಣ್ಣ

ಸಾರ್ವಜನಿಕ ಬೆಂಚುಗಳ ಮಂಡಳಿಯ ಅಧ್ಯಕ್ಷರ ಕಾರಿನ ಬಾನೆಟ್ಟಿಗೆ ಅಂಟಿದ್ದ ಹದ್ದನ್ನು ಬಣ್ಣಕ್ಕೆ ಧಕ್ಕೆಯಾಗದಂತೆ ತೆಗೆಯಲು ಮೂವತ್ತೈದು ನಿಮಿಷ ಹಿಡಿಯಿತು. ತೆಗೆಯಬಹುದೆಂದು ತೀರ್ಮಾನಿಸಲು ನಾಲ್ಕು ತಿಂಗಳು ಹಿಡಿಯಿತು. ಮಂಡಳಿಯ ದಾಖಲೆಗಳಲ್ಲಿ ಇದನ್ನು ಶೀಘ್ರ ವಿಲೇವಾರಿ ಎಂದು ನಮೂದಿಸಲಾಗಿದೆ.

ಹದ್ದು ಹಿಂದಿನ ಅಧ್ಯಕ್ಷರದು. ಬೆಳ್ಳಿ ಬಣ್ಣದ ಪ್ಲಾಸ್ಟಿಕ್ಕಿನದು, ರೆಕ್ಕೆಯಿಂದ ರೆಕ್ಕೆಗೆ ಎರಡು ಗೇಣು. ಆರು ವರ್ಷದ ಹಿಂದೆ ಅವರೇ ಕೈಯಾರೆ ಅಂಟಿಸಿದ್ದರು. ಹೊಸ ಅಧ್ಯಕ್ಷರು ಬಂದ ದಿನವೇ ಅದನ್ನು ಕಂಡು ಮುಖ ಸಿಂಡರಿಸಿದರು. ಇನ್ನೊಬ್ಬರ ಹದ್ದಿನ ಹಿಂದೆ ಕೂತು ಬೆಂಚುಗಳ ಪರಿಶೀಲನೆಗೆ ಹೋಗುವುದು ಹುದ್ದೆಯ ಘನತೆಗೆ ತಕ್ಕುದಲ್ಲವೆಂದು ಟಿಪ್ಪಣಿ ಬರೆದು, ಅಂದಿನಿಂದ ನಡೆದೇ ಓಡಾಡಿದರು. ದಣಿದಾಗ ಕೂರಲು ದಾರಿಯುದ್ದಕ್ಕೂ ಬೆಂಚುಗಳಿದ್ದವು, ಆದರೆ ಅವು ಮುರಿದಿದ್ದವು.

ಕಾರು ಓಡಿಸುತ್ತಿದ್ದವನನ್ನು ಎಲ್ಲರೂ ಡ್ರೈವರಣ್ಣ ಎನ್ನುತ್ತಿದ್ದರು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಒಂದು ಗೀರೂ ಬೀಳದಂತೆ ಕಾರು ಓಡಿಸಿದ ಮನುಷ್ಯ. ಈ ತಿಂಗಳ ಕೊನೆಗೆ ನಿವೃತ್ತಿ. ದೂರದ ಊರಿನಲ್ಲಿ ಮಗಳಿಗೆ ಹೆಣ್ಣುಮಗು ಹುಟ್ಟಿ ಮೂರು ತಿಂಗಳಾಗಿತ್ತು. ಮೊಮ್ಮಗಳ ಮುಖ ನೋಡಬೇಕೆಂದು ಅವನ ಜೀವ ಹಾತೊರೆಯುತ್ತಿತ್ತು. ಆದರೆ ವಾಹನ ನಿಯಮ ಹದಿನಾಲ್ಕರ ಪ್ರಕಾರ, "ಕಾರಿನ ಬಣ್ಣವು ಎಲ್ಲೆಡೆ ಒಂದೇ ಆಗಿರತಕ್ಕದ್ದು, ತಪ್ಪಿದಲ್ಲಿ ಚಾಲಕನನ್ನು ಸೇವೆಯಿಂದ ಬಿಡುಗಡೆ ಮಾಡತಕ್ಕದ್ದಲ್ಲ."

ಹದ್ದನ್ನು ತೆಗೆಯುವ ಬಗೆ ಡ್ರೈವರಣ್ಣನಿಗೆ ಗೊತ್ತಿತ್ತು. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಾಯಿಸಿದರೆ ಅಂಟು ಮೆತ್ತಗಾಗುತ್ತದೆ. ಮೀನಿನ ಗಾಳದ ದಾರವನ್ನು ಹಿಂದೆ ತೂರಿಸಿ ಆಚೀಚೆ ಎಳೆದರೆ ಹದ್ದು ತಾನಾಗಿ ಕೈಗೆ ಬರುತ್ತದೆ. ಉಳಿದ ಅಂಟಿಗೆ ಒಂದಿಷ್ಟು ಎಣ್ಣೆ, ಆಮೇಲೆ ಸೋಪಿನ ನೀರು, ಮೆತ್ತನೆ ಬಟ್ಟೆ. ಅಷ್ಟನ್ನೂ ನಾಲ್ಕು ತಿಂಗಳ ಹಿಂದೆಯೇ ಒಂದು ಹಾಳೆಯಲ್ಲಿ ಬರೆದು ಮಂಡಳಿಯ ಮ್ಯಾನೇಜರಿಗೆ ಕೊಟ್ಟಿದ್ದ.

ಎರಡು ತಿಂಗಳ ಮೇಲೆ ಮ್ಯಾನೇಜರು ಕರೆಸಿದರು.

"ನೋಡಪ್ಪಾ, ಕೂದಲು ಒಣಗಿಸೋ ಯಂತ್ರಕ್ಕೆ ಆಕ್ಷೇಪಣೆ ಬಂದಿದೆ. ಅರ್ಜಿದಾರನ ತಲೇಲಿ ಕೂದಲೇ ಇಲ್ಲ ಅಂತ."

"ತಲೆಗಲ್ಲ ಸಾರ್, ಹದ್ದಿಗೆ."

"ಅದನ್ನೂ ಕೇಳಿದ್ದಾರೆ. ಹದ್ದಿಗೆ ಇರೋದು ಪುಕ್ಕ. ಗಾಳದ ದಾರ ಕೊಡೋಣ ಅಂದ್ರೆ ಮೀನು ಎಲ್ಲಿ ಅಂತಾರೆ. ನಾನೇನು ಉತ್ತರ ಬರೀಲಿ?"

ಡ್ರೈವರಣ್ಣ ತನ್ನ ಬೋಳುತಲೆಯನ್ನೇ ಕೆರೆದುಕೊಂಡ. ಕೊನೆಗೆ ಯಂತ್ರವನ್ನು ಹೆಂಡತಿಯಿಂದ ತಂದು, ದಾರವನ್ನು ಪಕ್ಕದ ಮನೆಯವರಿಂದ ಇಸಿದುಕೊಂಡು, ಎರಡೂ ಮಂಡಳಿಯ ವಸ್ತುಗಳಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟ ಮೇಲೆ ಅನುಮತಿ ಸಿಕ್ಕಿತು. ನಿವೃತ್ತಿಗೆ ಎಂಟು ದಿನ ಬಾಕಿಯಿತ್ತು.

ಅಂಗಳದಲ್ಲಿ ಕಚೇರಿಗೆ ಕಚೇರಿಯೇ ನೆರೆಯಿತು. ಡ್ರೈವರಣ್ಣ ಉಸಿರು ಬಿಗಿಹಿಡಿದು ದಾರ ಎಳೆದ. ಎಡರೆಕ್ಕೆ ಬಿಟ್ಟಿತು, ಬಲರೆಕ್ಕೆ ಬಿಟ್ಟಿತು, ಕೊಕ್ಕು ಸ್ವಲ್ಪ ಹಟ ಮಾಡಿ ಅದೂ ಬಿಟ್ಟಿತು. ಎಣ್ಣೆ ಹಚ್ಚಿ, ತೊಳೆದು, ಒರೆಸಿದ. ಕೂದಲೆಳೆಯಷ್ಟು ಗೀರೂ ಇರಲಿಲ್ಲ. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಮ್ಯಾನೇಜರು ಬಗ್ಗಿ ನೋಡಿದರು. "ಇದೇನಪ್ಪಾ ಇದು?"

ಆರು ವರ್ಷದ ಬಿಸಿಲಿಗೆ ಕಾರೆಲ್ಲ ಮಾಸಿ ಬೂದಿಯಂತಾಗಿತ್ತು. ಹದ್ದಿನಡಿಯ ಬಣ್ಣ ಮಾತ್ರ ಕಾರು ಕೊಂಡ ದಿನದಂತೆ ಕಡುನೀಲಿ. ಬಾನೆಟ್ಟಿನ ಮೇಲೆ ಈಗ ಮೊದಲಿಗಿಂತ ಚೆನ್ನಾಗಿ ಕಾಣುವ ಹದ್ದಿತ್ತು.

"ಅದೇ ಸಾರ್ ನಿಜವಾದ ಬಣ್ಣ. ಹಾಳಾಗಿರೋದು ಮಿಕ್ಕಿದ್ದು."

"ಮಿಕ್ಕಿದ್ದು ಜಾಸ್ತಿ ಇದೆಯಲ್ಲಪ್ಪಾ. ಬಹುಮತ ಅದರದ್ದು."

ಮೂರು ದಿನ ಸಭೆ ನಡೆಯಿತು. ಇಡೀ ಕಾರಿಗೆ ಬಣ್ಣ ಬಳಿಯೋಣವೆಂದರೆ, ಹಾಳಾಗದ ಬಣ್ಣದ ಮೇಲೆ ಬಣ್ಣ ಬಳಿಯುವಂತಿಲ್ಲ. ಹಾಳಾಗಿದೆ ಎಂದು ಒಪ್ಪಿದರೆ ಆರು ವರ್ಷ ಕಾರನ್ನು ಬಿಸಿಲಲ್ಲಿ ನಿಲ್ಲಿಸಿದವರು ಯಾರೆಂಬ ಪ್ರಶ್ನೆ ಏಳುತ್ತದೆ. ಕಾರನ್ನು ಅಲ್ಲಿ ನಿಲ್ಲಿಸಲು ಆದೇಶಿಸಿದವರು ಮ್ಯಾನೇಜರು. ಆದ್ದರಿಂದ ಕೆಳಕಂಡ ಪ್ರಕಟಣೆ ಹೊರಬಿತ್ತು:

"ಹದ್ದಿನಾಕಾರದ ಭಾಗವು ನಿಗದಿತ ಅವಧಿಯಲ್ಲಿ ಮಾಸಲು ವಿಫಲವಾಗಿರುವುದು ಕಂಡುಬಂದಿದೆ. ಸದರಿ ಭಾಗವು ಉಳಿದ ಭಾಗದ ಮಟ್ಟಕ್ಕೆ ಇಳಿಯುವವರೆಗೆ ಕಾರನ್ನು ಬಿಸಿಲಿನಲ್ಲಿ ನಿಲ್ಲಿಸತಕ್ಕದ್ದು. ಚಾಲಕನು ಜೊತೆಗಿರತಕ್ಕದ್ದು."

ಡ್ರೈವರಣ್ಣ ಪ್ರಕಟಣೆ ಹಿಡಿದು ಮ್ಯಾನೇಜರ ಬಳಿಗೆ ಓಡಿದ. "ಸಾರ್, ಅದು ಮಾಸೋ ಹೊತ್ತಿಗೆ ಮಿಕ್ಕಿದ್ದು ಇನ್ನೂ ಮಾಸುತ್ತೆ. ಎರಡೂ ಯಾವತ್ತು ಸಮ ಆಗೋದು?"

ಮ್ಯಾನೇಜರು ಮೊದಲ ಬಾರಿ ಅವನನ್ನು ಗೌರವದಿಂದ ನೋಡಿದರು. ತಿದ್ದುಪಡಿ ಬಂತು. ಕಿಟಕಿ ಪರದೆ ಹೊಲಿಯುವ ದರ್ಜಿ ಕಾರಿಗೊಂದು ದಪ್ಪ ಮುಸುಕು ಹೊಲಿದು, ಬಾನೆಟ್ಟಿನ ಜಾಗದಲ್ಲಿ ಹದ್ದಿನಾಕಾರದ ತೂತು ಕತ್ತರಿಸಿಕೊಟ್ಟ. ಇನ್ನು ಬಿಸಿಲು ಬೀಳುವುದು ಹದ್ದಿಗೆ ಮಾತ್ರ. ಅಧ್ಯಕ್ಷರಿಗೆ ಬಾಡಿಗೆ ಕಾರು ಬಂತು. ಮರುದಿನವೇ ಅವರು ಅದಕ್ಕೆ ಹುಲಿಯ ತಲೆ ಅಂಟಿಸಿದರು.

ತಿಂಗಳ ಕೊನೆಯ ದಿನ ಡ್ರೈವರಣ್ಣನ ಹೆಂಡತಿ ಎರಡು ರೈಲು ಟಿಕೆಟ್ಟು, ಒಂದು ಚೀಲ ಹಿಡಿದು ಅಂಗಳಕ್ಕೇ ಬಂದಳು. ಕೋಪದಿಂದ ಕೆಂಡವಾಗಿದ್ದಳು.

"ರೀ, ಏಳ್ರೀ ಮೇಲೆ. ಕೂಸು ನಗೋದು ಕಲಿತಿದೆಯಂತೆ. ನೀವು ಇಲ್ಲಿ ಕೂತು ಕಾರು ಒಣಗಿಸ್ತಿದ್ದೀರಾ?"

"ಎಡರೆಕ್ಕೆ ಒಂದು ಚೂರು ಮಾಸಿದೆ ಕಣೇ. ಬಲಕ್ಕೆ ಮಧ್ಯಾಹ್ನದ ಮೇಲೆ ಗೋಡೆ ನೆರಳು ಬೀಳುತ್ತೆ. ಕಾರು ತಿರುಗಿಸೋಕೆ ಅರ್ಜಿ ಹಾಕಿದ್ದೀನಿ."

ಅವನ ದನಿಯಲ್ಲಿ ನಾಚಿಕೆಯಿತ್ತು. ಸಣ್ಣದೊಂದು ಹೆಮ್ಮೆಯೂ ಇತ್ತು. ಬೈಯಲೆಂದು ಬಾಯಿ ತೆರೆದವಳ ಕಣ್ಣು ಮುಸುಕಿನ ಮೇಲೆ ಬಿತ್ತು. ಹತ್ತಿರ ಹೋಗಿ ತೂತಿನ ಅಂಚಿಗೆ ಬೆರಳಿಟ್ಟು ಅಳೆದಳು. ಮೂವತ್ತು ವರ್ಷ ಬಟ್ಟೆ ಹೊಲಿದ ಬೆರಳು ಅದು.

"ಯಾರ್ರೀ ಇದನ್ನ ಕತ್ತರಿಸಿದ್ದು? ಸುತ್ತಲೂ ಒಂದು ಬೆರಳು ದೊಡ್ಡದಾಗಿದೆ. ಹದ್ದು ಮಾಸೋದೇನೋ ಸರಿ, ಅದರ ಸುತ್ತ ಇನ್ನೂ ಬೆಳ್ಳಗೆ ಒಂದು ಗೆರೆ ಬರುತ್ತಲ್ಲ! ಆಮೇಲೆ ಆ ಗೆರೆಗೋಸ್ಕರ ನಿಮ್ಮನ್ನ ಹಿಡ್ಕೋತಾರೆ."

ಮ್ಯಾನೇಜರು ಕಿಟಕಿಯಿಂದ ಇಣುಕಿದರು. "ತಾಯಿ, ಅದನ್ನ ಬರಹದಲ್ಲಿ ಕೊಡೋಕಾಗುತ್ತಾ?"

ಅವಳು ಚೀಲವನ್ನು ನೆಲಕ್ಕಿಟ್ಟಳು. ಟಿಕೆಟ್ಟುಗಳನ್ನು ತಿರುಗಿಸಿ, ಹಿಂಬದಿ ಖಾಲಿಯಿದೆಯೆಂದು ನೋಡಿಕೊಂಡು, ಗಂಡನ ಜೇಬಿನಿಂದ ಪೆನ್ನು ತೆಗೆದುಕೊಂಡಳು.