ಹೆಪ್ಪು ಹಾಕಿದ ಈಜುಕೊಳ

ಅಂಜನಪ್ಪನಿಗೆ ಏನನ್ನೂ ಹದವಾಗಿ ಹಾಕಿ ಗೊತ್ತಿರಲಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಹಾಕಲು ಹೆಂಡತಿ ರಾಮಕ್ಕ ಅವನನ್ನು ಬಿಡುತ್ತಿರಲಿಲ್ಲ. ಹೊಸೂರಿನ ಕಾರ್ಖಾನೆಯವರಿಗೆ ಪಾಪ ಇದು ತಿಳಿಯದು. ಗೆಸ್ಟ್ ಹೌಸಿನ ಈಜುಕೊಳವನ್ನೇ ಅವನ ಕೈಗೆ ಕೊಟ್ಟಿದ್ದರು. ಕೊಳ ದೊಡ್ಡದೇನಲ್ಲ, ನಾಲ್ಕು ಎಮ್ಮೆ ಮಲಗಿದರೆ ಐದನೆಯದಕ್ಕೆ ಜಾಗವಿಲ್ಲ.

ನೀರಿಗೆ ಹಾಕಿದ ಕ್ಲೋರಿನ್ ಬಿಸಿಲಿಗೆ ಹಾಳಾಗದಂತೆ ಹಿಡಿದಿಡಲು ಸ್ಟೆಬಿಲೈಸರ್ ಎಂಬ ಬಿಳಿ ಪುಡಿ ಬರುತ್ತದೆ. ವರ್ಷಕ್ಕೆರಡು ಸಲ ಹಾಕಿದರೆ ಸಾಕು. ಎಂಬತ್ತಾರರ ಬೇಸಿಗೆ ಜೋರಾಗಿದೆಯೆಂದು ಅಂಜನಪ್ಪ ವಾರಕ್ಕೆರಡು ಸಲ ಹಾಕಿದ. ಪುಡಿ ಕ್ಲೋರಿನ್ನನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿತೆಂದರೆ ಅದಕ್ಕೆ ಪಾಚಿ ಕೊಲ್ಲಲು ಬಿಡುವೇ ಸಿಗಲಿಲ್ಲ. ನೀರು ಹಸಿರಾಯಿತು.

ಇದ್ದ ನೀರು ಬಿಟ್ಟು ಹೊಸದು ತುಂಬಿದ್ದರೆ ಮುಗಿಯುತ್ತಿತ್ತು. ಆದರೆ ಬೇಸಿಗೆಯಲ್ಲಿ ಒಂದು ತೊಟ್ಟೂ ಚೆಲ್ಲಕೂಡದೆಂದು ಮ್ಯಾನೇಜರ್ ವೆಂಕಟೇಶಪ್ಪನವರ ಆಜ್ಞೆ. ಶನಿವಾರ ಸಂಜೆ ಐದಕ್ಕೆ ತಾವೇ ಬಂದು ನೋಡುತ್ತಾರಂತೆ. ತಳ ಕಂಡರೆ ಅಂಜನಪ್ಪನ ಹಂಗಾಮಿ ಕೆಲಸ ಖಾಯಂ. ಕಾಣದಿದ್ದರೆ ಸೋಮವಾರದಿಂದ ಬರುವುದೇ ಬೇಡ.

ದಾರಿ ತೋರಿಸಿದವನು ಮರಿಸ್ವಾಮಿ. ಮೂಕಂಡಪಲ್ಲಿಯ ವಠಾರದಲ್ಲಿ ಪಕ್ಕದ ಮನೆಯವನು, ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಬೆಂಗಳೂರಿನಲ್ಲಿ ಅವನ ಭಾವಮೈದುನ ಆ ಪುಡಿಯನ್ನೇ ತಿಂದು ಬದುಕುವ ಸೂಕ್ಷ್ಮಜೀವಿಗಳನ್ನು ಸಾಕುತ್ತಿದ್ದನಂತೆ. ಶನಿವಾರ ಬೆಳಗ್ಗೆ ಮರಿಸ್ವಾಮಿ ಒಂದು ಬಾಟಲಿ ತಂದುಕೊಟ್ಟ.

“ಇವುಗಳತ್ರ ಎನ್ಜೈಮ್ ಅಂತ ಒಂದೈತಣ್ಣ, ಪುಡೀನ ಮುರ್ದಾಕ್ಬುಡ್ತದೆ. ಹಾಲಿಗೆ ಹೆಪ್ಪು ಇದ್ದಂಗೆ ಅನ್ಕೋ. ಬೆಚ್ಚಗಿಡು, ಇಲ್ದಿದ್ರೆ ಸತ್ತೋಯ್ತವೆ.”

ಅಂಜನಪ್ಪ ಬಾಟಲಿಯನ್ನು ಒಲೆಯ ಪಕ್ಕ ಇಟ್ಟು ಸ್ನಾನಕ್ಕೆ ಹೋದ. ರಾಮಕ್ಕ ನಲ್ಲಿಯ ಸಾಲಿನಲ್ಲಿದ್ದಳು. ಆ ವಠಾರದಲ್ಲಿ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವಂತಿಲ್ಲ, ಹಗಲಲ್ಲಿ ಕೇಳಿದರೆ ಇಲ್ಲವೆನ್ನುವಂತಿಲ್ಲ. ಮನೆಯಲ್ಲಿ ಯಾರೂ ಕಾಣದಿದ್ದರೆ ತೆಗೆದುಕೊಂಡು ಹೋಗಿ ಆಮೇಲೆ ಹೇಳಿದರೂ ನಡೆಯುತ್ತಿತ್ತು. ಎದುರು ಮನೆಯ ಚಿಕ್ಕತಾಯಮ್ಮ, ಮರುದಿನ ಬರುವ ಬೀಗರಿಗೆ ಮೊಸರು ಮಾಡಲೆಂದು ದೊಡ್ಡ ಕೊಡದ ತುಂಬ ಹಾಲು ಕಾಯಿಸಿಟ್ಟಿದ್ದಳು. ಬಂದಳು, ಒಲೆಯ ಪಕ್ಕ ನೋಡಿದಳು, ಬಾಟಲಿಯಲ್ಲಿದ್ದದ್ದೇ ಹೆಪ್ಪೆಂದು ಒಯ್ದಳು.

ಅಂಜನಪ್ಪ ತಲೆ ಒರೆಸಿಕೊಂಡು ಬಂದಾಗ ಬಾಟಲಿ ಬೋರಲು ಬಿದ್ದಿತ್ತು. ತೊಳೆದು ಹಿಂದಿರುಗಿಸುವಷ್ಟು ಮರ್ಯಾದಸ್ಥೆ ಚಿಕ್ಕತಾಯಮ್ಮ. ಅವನು ಒದ್ದೆ ತಲೆಯಲ್ಲೇ ಎದುರು ಮನೆಗೆ ಓಡಿದ. ವಿಷಯ ಕೇಳಿ ಹುಳ ಬಿದ್ದ ಹಾಲು ಬೀಗರಿಗೆ ಬೇಡವೆಂದ ಚಿಕ್ಕತಾಯಮ್ಮನೇ ಉಪಾಯ ಹೇಳಿದಳು.

“ಹುಳ ಹಾಲೊಳ್ಗೇ ಅವೆ ಕಣಪ್ಪ. ಹಾಲು ಹುಯ್ದ್ರೆ ಅವೂ ಬೀಳ್ತವೆ.”

ಮರಿಸ್ವಾಮಿ ಗಡ್ಡ ಕೆರೆದುಕೊಂಡು, ವಿಜ್ಞಾನದ ಪ್ರಕಾರ ಇದರಲ್ಲಿ ತಪ್ಪಿಲ್ಲವೆಂದ. ಕೊಡ ಸೈಕಲ್ಲೇರಿತು, ಅರ್ಧ ವಠಾರ ಹಿಂದೆ ನಡೆಯಿತು, ಹಾಲು ಕೊಳಕ್ಕೆ ಬಿತ್ತು. ನೀರು ಕೊತ್ತಂಬರಿ ಚಟ್ನಿಗೆ ಮೊಸರು ಕಲಸಿದಂತಾಯಿತು. ಹತ್ತು ಗಂಟೆಗೆ ಹುಳಿ ವಾಸನೆ ಹತ್ತಿತು. ಮರಿಸ್ವಾಮಿಗೆ ತಟ್ಟನೆ ಲ್ಯಾಬಿನ ಕೆಲಸ ನೆನಪಾಯಿತು. ವಠಾರದವರಿಗೂ ಅವರವರ ಮನೆ ನೆನಪಾಯಿತು.

ಉಳಿದದ್ದು ಒಂದೇ ದಾರಿ. ಪಕ್ಕದ ಹೊಲದ ಮುನಿಕೃಷ್ಣಪ್ಪನ ಬಾವಿಗೆ ಪಂಪ್‌ಸೆಟ್ ಇತ್ತು. ಅವನು ನೀರು ಕೊಡಲು ಒಪ್ಪಿದ, ಮಳೆ ಬರುವವರೆಗೆ ತನ್ನ ಎಮ್ಮೆಗಳನ್ನು ದಿನಾ ಅಂಜನಪ್ಪನೇ ತೊಳೆಯಬೇಕೆಂಬ ಷರತ್ತಿನ ಮೇಲೆ. ಅಂಜನಪ್ಪ ದೇವರಾಣೆ ಮಾಡಿ, ಕೊಳದ ನೀರೆಲ್ಲ ಗುಟ್ಟಾಗಿ ಮೋರಿಗೆ ಬಿಟ್ಟು, ತಳ ಉಜ್ಜಿ, ಹೊಸ ನೀರು ತುಂಬಿಸಿದ. ಐದಕ್ಕೆ ಐದು ನಿಮಿಷವಿದ್ದಾಗ ಪಂಪು ನಿಂತಿತು.

ಮ್ಯಾನೇಜರ್ ಬಗ್ಗಿ ನೋಡಿದರು. ತಳದ ಟೈಲುಗಳನ್ನು ಎಣಿಸಬಹುದಿತ್ತು. ಹೇಗಾಯಿತೆಂದು ಕೇಳಿದರು. ನೀರು ಚೆಲ್ಲಿದೆನೆಂದು ಹೇಳುವುದುಂಟೇ? ಅಂಜನಪ್ಪ ಮರಿಸ್ವಾಮಿಯ ಬಾಟಲಿಯನ್ನು ಹೊಗಳಿದ. ಹೊಗಳಿಕೆಯನ್ನೂ ಅವನು ಹದವಾಗಿ ಹಾಕಲಿಲ್ಲ. ಆ ಜೀವಿಗಳು ಬೆಳಗಿನಿಂದ ಸಂಜೆವರೆಗೆ ದುಡಿದವು, ಊಟ ಕೇಳಲಿಲ್ಲ, ರಜೆ ಕೇಳಲಿಲ್ಲ, ತಾನು ಕೈಯೇ ಅದ್ದಲಿಲ್ಲ ಎಂದ.

ವೆಂಕಟೇಶಪ್ಪನವರು ಕೊಳವನ್ನೊಮ್ಮೆ, ಅವನನ್ನೊಮ್ಮೆ ನೋಡಿದರು.

“ಎಲ್ಲಾ ಅವೇ ಮಾಡ್ತವೆ ಅಂದ್ರೆ, ನೀನ್ಯಾಕಪ್ಪ ಬೇಕು?”

ತಿಂಗಳಿಗೊಂದು ಬಾಟಲಿ ಸುರಿಯುವ ಹೊಣೆ ಮರಿಸ್ವಾಮಿಗೆ ಹೋಯಿತು. ನಿಜ ಹೇಳಿದರೂ ಕೆಲಸ ಹೋಗುತ್ತಿತ್ತು, ಆದ್ದರಿಂದ ಅಂಜನಪ್ಪ ಬಾಯಿ ಮುಚ್ಚಿಕೊಂಡು ಮನೆಗೆ ಬಂದ.

ಸೋಮವಾರ ಬೆಳಗ್ಗೆ ಮುನಿಕೃಷ್ಣಪ್ಪ ಹೊಲಕ್ಕೆ ಬಂದಾಗ, ಅಂಜನಪ್ಪ ಇಡೀ ಡಬ್ಬ ಸೋಪುಪುಡಿ ಸುರಿದು ಎಮ್ಮೆ ಉಜ್ಜುತ್ತಿದ್ದ. ನೊರೆಯಲ್ಲಿ ಎಮ್ಮೆಯ ಕೊಂಬು ಮಾತ್ರ ಕಾಣುತ್ತಿತ್ತು. ಮುನಿಕೃಷ್ಣಪ್ಪನಿಗೆ ಹಿಡಿಸಿಬಿಟ್ಟಿತು.

“ಮಳೆ ಬರೋಗಂಟ ಅಂದಿದ್ದೆ. ಬ್ಯಾಡ ಕಣ್ಲಾ, ನಿನ್ನ ಖಾಯಂ ಮಾಡ್ಬುಟ್ಟೆ.”